ಟವೆಲ್ ಕೆಳಗಿನ ದರ

ಎಮ್ಮೆ ಕೊಳ್ಳಲು ಹೋದಾಗ ದಲ್ಲಾಳಿಯ ಕೈಗೆ ಕೈ ಕೊಟ್ಟ ಮೇಲೆ ಬಾಯಿ ತೆರೆಯಬೇಡಿ. ಇದನ್ನು ನಾನು ಖಡಕಿಯ ದನದ ಸಂತೆಯಲ್ಲಿ ಕಲಿತೆ, ಅದೂ ಅಕ್ಕನ ಎದುರಿಗೆ.

ಯುದ್ಧದ ಕಾಲ. ಅಕ್ಕ ಖಡಕಿಯಲ್ಲಿ ಕಾರ್ಖಾನೆ ನೌಕರರ ಮನೆಗಳಿಗೆ ಹಾಲು ಹಾಕಿ ಸಂಸಾರ ನಡೆಸುತ್ತಿದ್ದಳು. ಇದ್ದೊಂದು ಎಮ್ಮೆ ಹೊಟ್ಟೆಯುಬ್ಬರಿಸಿ ಸತ್ತಿತು. ಸಂತೆಯ ಮರುದಿನವೂ ಹಾಲು ಬರದಿದ್ದರೆ ಬೇರೆ ಗೌಳಿಯನ್ನು ಗೊತ್ತು ಮಾಡುತ್ತೇವೆಂದು ಮನೆಗಳವರು ಹೇಳಿಬಿಟ್ಟಿದ್ದರು. ಹಾಗೆ ಬಿಟ್ಟುಹೋದ ಮನೆ ತಿರುಗಿ ಬರುವುದಿಲ್ಲ.

ಆ ದಿನ ಸಂತೆಗೆ ಬಂದ ಹೊಸದಾಗಿ ಈದ ಎಮ್ಮೆ ಒಂದೇ. ಚಾಕಣದ ಕಡೆಯ ಮರಾಠಿ ರೈತನೊಬ್ಬ ತಂದಿದ್ದ. ಅಕ್ಕ ತಾನೇ ಕೂತು ಹಿಂಡಿ ನೋಡಿ, ಸೆರಗಿಗೆ ಕೈ ಒರೆಸಿಕೊಂಡು, "ಇದ ಬೇಕು ನನಗ" ಎಂದಳು.

"ಹಂಗ ಅನಬ್ಯಾಡಕ್ಕಾ, ಕೇಳಿದ್ರ ದರ ಏರಸ್ತಾನ."

"ಅವಂಗ ಕನ್ನಡ ಎಲ್ಲಿ ಬರತದ ತಗೋ."

ರೈತನಿಗೆ ಬರುತ್ತಿರಲಿಲ್ಲ, ಪಕ್ಕದಲ್ಲೇ ನಿಂತಿದ್ದ ದಲ್ಲಾಳಿಗೆ ಬರುತ್ತಿತ್ತು. ಬೆಳಗಾವಿ ಕಡೆಯ ಮುದುಕ. ಹೆಗಲ ಮೇಲಿನ ಟವೆಲನ್ನು ನನ್ನ ಕೈಗೆ ಹೊದಿಸಿ, ಕೆಳಗೆ ಬೆರಳು ಹಿಡಿದ. ಇಷ್ಟು ಬೆರಳು ಒತ್ತಿದರೆ ಇಷ್ಟು ರೂಪಾಯಿ. ಸುತ್ತ ನಿಂತವರಿಗೆ ಏನೂ ಗೊತ್ತಾಗುವುದಿಲ್ಲ. ಹೆಂಗಸಿನ ಕೈ ಹಾಗೆ ಹಿಡಿಯುವ ಪದ್ಧತಿ ಇಲ್ಲ, ಅದಕ್ಕೇ ಅಕ್ಕ ನನ್ನನ್ನು ಕರೆತಂದಿದ್ದಳು. ನಾನು ಭವಾನಿ ಪೇಟೆಯಲ್ಲಿ ಒಣಮೆಣಸಿನಕಾಯಿ ಚೀಲ ಹೊತ್ತು ಹೊತ್ತು ಸ್ವಂತ ಅಂಗಡಿ ಹಾಕಿದವನು. ನನ್ನಿಂದ ಒಂದಾಣೆ ಹೆಚ್ಚು ಕೀಳುವುದು ಯಾರಿಂದಲೂ ಆಗದೆಂಬ ಹೆಸರಿತ್ತು.

ದಲ್ಲಾಳಿ ನನ್ನ ಕೈಯಿಂದ ರೈತನ ಕೈಗೆ, ಅಲ್ಲಿಂದ ನನ್ನ ಕೈಗೆ ಹೋಗಿ ಬಂದು ಮಾಡಿದ. ಪ್ರತಿಸಲ ನನ್ನ ಕಡೆ ದರ ಏರುತ್ತಿತ್ತು; ರೈತನ ಕಡೆ ಇಳಿಯುತ್ತಿದೆಯೋ ಇಲ್ಲವೋ ಕಾಣದು. ಬಿಸಿಲು. ಅಂಗೈ ಬೆವರಿತು. ಈ ಮುದುಕ ನನಗೊಂದು ದರ, ರೈತನಿಗೊಂದು ದರ ಒತ್ತುತ್ತಿದ್ದರೆ? ಕೈ ಕಿತ್ತುಕೊಂಡು ರೈತನಿಗೇ ಮರಾಠಿಯಲ್ಲಿ ಕೂಗಿ ಹೇಳಿದೆ: "ನೂರು ರೂಪಾಯಿ! ಕೊಡುವುದಿದ್ದರೆ ಕೊಡು."

ಜನ ನಕ್ಕರು. "ನೂರಕ್ಕೆ ಬಂತಪ್ಪಾ ಎಮ್ಮೆ!" ಎಂದು ಯಾರೋ ಅರಚಿದ. ರೈತನ ಮುಖ ಕಪ್ಪಿಟ್ಟಿತು. ಹಗ್ಗ ಬಿಚ್ಚಿ, ಎಮ್ಮೆ ಎಳೆದುಕೊಂಡು ನಡೆದ.

"ಮೆಣಸಿನಕಾಯಿ ಮಾರಿ ಮಾರಿ ನಾಲಿಗಿನೂ ಹಂಗ ಆಗೇದ ನಿಂದು!" ಅಕ್ಕ ನನ್ನ ಕಡೆ ತಿರುಗಿದಳು. "ನಾಳೆ ಆ ಮನಿಗೋಳಿಗೆ ಹಾಲು ನೀ ಹಾಕ್ತಿ?"

ದಲ್ಲಾಳಿ ಮಾತ್ರ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ. "ಅವ ಇಳೀಲಿಕ್ಕೆ ಹತ್ತಿದ್ದ ರೀ ಸಾವಕಾರ್ರ. ಇಳಿಯೂದು ಮಂದಿಗೆ ಕಾಣಬಾರ್ದು ಅಂತನ ಈ ಟವೆಲ್ಲು. ಈಗ ನೂರರ ಮ್ಯಾಲ ಹತ್ತು ಕೊಟ್ರೂ ಅವನ ಊರಾಗ ನಗತಾರ."

"ಮತ್ತ ಏನ್ ಮಾಡೂಣ್ರಿ?"

"ಕೈ ಕೊಡ್ರಿ. ನಾ ಏನ ಕೂಗಿದ್ರೂ ಹೂಂ ಅನ್ರಿ."

ರೈತ ಸಂತೆಯ ಬಾಗಿಲು ದಾಟುವುದರೊಳಗೆ ದಲ್ಲಾಳಿ ಅವನನ್ನು ತಡೆದ. ಈ ಸಲ ನಮ್ಮಿಬ್ಬರ ಕೈಯನ್ನೂ ಒಟ್ಟಿಗೇ ಟವೆಲ್ ಕೆಳಗೆ ಎಳೆದುಕೊಂಡ. ಬೆರಳುಗಳು ಒಂದು ದರ ಹೇಳಿದವು. ರೈತನ ಕೈ ಸ್ವಲ್ಪ ಹೊತ್ತು ಕಟ್ಟಿಗೆಯಂತಿತ್ತು, ಆಮೇಲೆ ಸಡಿಲವಾಯಿತು. ಆಗ ದಲ್ಲಾಳಿ ಸಂತೆಗೆಲ್ಲ ಕೇಳುವಂತೆ ಕೂಗಿದ: "ನೂರಾ ಐವತ್ತು!"

ಬೆರಳುಗಳು ಹೇಳಿದ್ದು ಅಷ್ಟಲ್ಲ, ಅದಕ್ಕಿಂತ ಕಡಿಮೆ. ಆದರೆ ನಮ್ಮ ಪೇಟೆಯ ಇಬ್ಬರು ಕನ್ನಡದ ವ್ಯಾಪಾರಿಗಳು ಅಲ್ಲೇ ನಿಂತಿದ್ದರು, ಆಗಲೇ ಮುಸಿಮುಸಿ ನಗತೊಡಗಿದ್ದರು. ನಾನು 'ಅಲ್ಲ' ಎಂದರೆ ನನ್ನ ಹೆಸರು ಉಳಿಯುತ್ತಿತ್ತು, ಎಮ್ಮೆ ಹೋಗುತ್ತಿತ್ತು. ಅಕ್ಕ ನನ್ನ ಬಾಯಿಯನ್ನೇ ನೋಡುತ್ತಿದ್ದಳು.

"ಹೂಂ" ಎಂದೆ.

ಹಗ್ಗ ಅಕ್ಕನ ಕೈಗೆ ಬಂತು. ಮರುದಿನ ಹಾಲು ಮನೆಮನೆಗೆ ಹೋಯಿತು. ಪೇಟೆಯಲ್ಲಿ ಮಾತ್ರ ವರ್ಷಗಟ್ಟಲೆ, "ಎಮ್ಮಿ ಸಾವಕಾರ್ರು ಬಂದ್ರು, ಐವತ್ತು ಏರಿಸಿ ಹೇಳ್ರಿ" ಎಂದು ನಗುವುದು ನಿಲ್ಲಲಿಲ್ಲ. ನಿಮಗೂ ಅಂಥ ದಲ್ಲಾಳಿ ಸಿಕ್ಕರೆ ಅವನ ದಲ್ಲಾಳಿ ಹಣದಲ್ಲಿ ಚೌಕಾಸಿ ಮಾಡಬೇಡಿ, ಪೂರ್ತಿ ಕೊಡಿ.

ನಿಜವಾದ ದರ ಎಷ್ಟೆಂದು ಅಕ್ಕನ ಮಕ್ಕಳು ಈಗಲೂ ಕೇಳುತ್ತಾರೆ; ನಾನು ಹೇಳಿಲ್ಲ. ಆ ರೈತ ಇದ್ದಾನೋ ಇಲ್ಲವೋ, ಅವನ ಮಕ್ಕಳಾದರೂ ಚಾಕಣದ ಕಡೆ ಇದ್ದಾರು; ಅವರನ್ನು ನೋಡಿ ಊರು ನಗುವುದು ಬೇಡ. ಇಲ್ಲಿಯೂ ಬರೆಯುವುದಿಲ್ಲ.