ಹಿಂದಿನಿಂದ ಓದಿಸದ ಸಾಲು

ಎರಡೂ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದ ಆತನ ಪಾದಗಳು ಮಂಚದಿಂದ ಒಂದು ಗೇಣು ಹೊರಗೆ ಚಾಚಿದ್ದವು. ನಾನು ಬಾಗಿಲು ತೆಗೆದಾಗಲೆಲ್ಲ ಆತನ ಕೈ ಮಂಚದ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಿತ್ತು.

"ಡಾಕ್ಟರ್, ನೀವೇನಾ?"

"ನಾನೇ."

ಆಮೇಲೆ ಕೈ ಸಡಿಲವಾಗುತ್ತಿತ್ತು.

ಎಪ್ಪತ್ತರ ದಶಕದ ನಡುಭಾಗ. ಮೈಸೂರಿನಲ್ಲಿ ಓದಿ, ಲಾಸ್ ಏಂಜಲೀಸಿನಲ್ಲಿ ಕಣ್ಣಿನ ವೈದ್ಯಕೀಯದ ತರಬೇತಿ ಮುಗಿಸಿ, ಸ್ಯಾನ್ ಡಿಯಾಗೋದ ಆಸ್ಪತ್ರೆಯೊಂದಕ್ಕೆ ಸೇರಿ ನನಗೆ ಎಂಟು ತಿಂಗಳಾಗಿತ್ತು. ನನಗೆ ಆಗ ಎಲ್ಲದರ ಭಯ. ಫೋನ್ ಹೊಡೆದುಕೊಂಡರೆ ಭಯ, ನನ್ನ ಇಂಗ್ಲಿಷು ಆ ಕಡೆಯವರಿಗೆ ತಿಳಿಯದೆ ಹೋದರೆ ಎಂದು. ಗ್ರೀನ್ ಕಾರ್ಡಿನ ಅರ್ಜಿ ಇನ್ನೂ ಯಾವುದೋ ಮೇಜಿನ ಮೇಲಿತ್ತು. ಒಂದು ತಪ್ಪು ಮಾಡಿದರೂ ಗಂಟುಮೂಟೆ ಕಟ್ಟಬೇಕಾದೀತೆಂದು ನಾನೇ ಊಹಿಸಿಕೊಂಡಿದ್ದೆ. ಡ್ರೈವಿಂಗ್ ಲೈಸೆನ್ಸ್ ಬಂದು ಎರಡು ತಿಂಗಳಾಗಿದ್ದರೂ ಫ್ರೀವೇ ಎನ್ನುವ ವೇಗದ ಹೆದ್ದಾರಿ ಹತ್ತಿರಲಿಲ್ಲ. ಒಳರಸ್ತೆಗಳಲ್ಲೇ ಸುತ್ತಿಬಳಸಿ ಆಸ್ಪತ್ರೆಗೆ ಬರುತ್ತಿದ್ದೆ.

ಆತ ಊರಿನ ಐಸ್ ಹಾಕಿ ತಂಡದ ಆಟಗಾರ. ಐಸ್ ಹಾಕಿಯಲ್ಲಿ ಚೆಂಡಿಲ್ಲ, ಪಕ್ ಎನ್ನುವ ಗಟ್ಟಿ ರಬ್ಬರಿನ ಕಪ್ಪು ಬಿಲ್ಲೆ. ಅಭ್ಯಾಸದ ವೇಳೆ ಅದು ಹಾರಿ ಬಂದು ಎಡಗಣ್ಣಿಗೆ ಬಡಿದಿತ್ತು. ಕಣ್ಣಿನೊಳಗೆ ರಕ್ತ ತುಂಬಿಕೊಂಡಿತ್ತು. ಆ ಕಾಲದಲ್ಲಿ ಅದಕ್ಕೆ ಒಂದೇ ದಾರಿ: ಎರಡೂ ಕಣ್ಣು ಮುಚ್ಚಿ, ತಲೆ ಅಲ್ಲಾಡಿಸದೆ ಐದಾರು ದಿನ ಮಲಗಿಸುವುದು.

ನಾಲ್ಕನೆಯ ದಿನ ಆತ ತಾನಾಗಿಯೇ ಮಾತು ತೆಗೆದ. ಕೆನಡಾದ ಗೋಧಿ ಬಯಲಿನ ಕಡೆಯವನು. ಹದಿನಾರು ವರ್ಷಕ್ಕೇ ತಂಡದವರು ಮನೆಗೆ ಬಂದು ಕರೆದುಕೊಂಡು ಹೋಗಿದ್ದರು. ಹತ್ತು ವರ್ಷ ಸಣ್ಣ ಲೀಗುಗಳಲ್ಲಿ ಬಸ್ಸಿನ ಬದುಕು. ಅರವತ್ತರ ದಶಕದ ಕೊನೆಯಲ್ಲಿ ದೊಡ್ಡ ಲೀಗಿನ ತಂಡಗಳು ಆರಿದ್ದದ್ದು ಹನ್ನೆರಡಾದಾಗ, ಲಾಸ್ ಏಂಜಲೀಸಿನಲ್ಲಿ ಆತನಿಗೂ ಜಾಗ ಸಿಕ್ಕಿತು. ಮೂರು ಚಳಿಗಾಲ ಅಲ್ಲಿ ಆಡಿ, ಮತ್ತೆ ಕೆಳಗಿಳಿದು ಸ್ಯಾನ್ ಡಿಯಾಗೋಕ್ಕೆ. ಈಗ ಮೂವತ್ತನಾಲ್ಕು.

"ನಾನು ಡಿಫೆನ್ಸ್‌ಮನ್. ಗೋಲು ಹೊಡೆಯೋದು ಬೇರೆಯವರ ಕೆಲಸ. ಅವರು ಹೊಡೆದದ್ದಕ್ಕೆ ಅಡ್ಡ ನಿಲ್ಲೋದು ನನ್ನ ಕೆಲಸ."

"ಹೆದರಿಕೆ ಆಗಲ್ವಾ?" ಕೇಳಬಾರದಿತ್ತೇನೋ, ಕೇಳಿಬಿಟ್ಟೆ.

ಆತನ ಕೈ ಮತ್ತೆ ಮಂಚದ ಕಂಬಿಯನ್ನು ಹಿಡಿಯಿತು.

"ಆಟದ ದಿನ ಮಧ್ಯಾಹ್ನ ವಾಂತಿ ಮಾಡ್ತೀನಿ. ಮೊದಲಿನಿಂದಲೂ. ನನ್ನ ಹೆಂಡತಿಗೆ ಬಿಟ್ಟು ಇನ್ಯಾರಿಗೂ ಗೊತ್ತಿಲ್ಲ."

ಪಟ್ಟಿ ಕಟ್ಟಿರದಿದ್ದರೆ ಆತ ಇದನ್ನು ಹೇಳುತ್ತಿರಲಿಲ್ಲ. ಆ ದೊಡ್ಡ ದೇಹದೊಳಗೆ ನನ್ನಂಥದ್ದೇ ಒಂದು ಪುಕ್ಕಲು ಜೀವ ಕೂತಿದೆ ಎಂದು ತಿಳಿದು ನನಗೆ ಒಂದು ಬಗೆಯ ಸಮಾಧಾನವೂ ಆಯಿತು. ನಾಚಿಕೆಯಿಂದಲೇ ಬರೆಯುತ್ತಿದ್ದೇನೆ.

ರಕ್ತ ಇಳಿಯಿತು. ಆತ ಮನೆಗೆ ಹೋದ. ಎರಡು ವಾರದ ಮೇಲೆ, ಒಂದು ಶುಕ್ರವಾರ, ಆಡಬಹುದೇ ಇಲ್ಲವೇ ಎಂದು ತೀರ್ಮಾನಿಸುವ ಪರೀಕ್ಷೆ. ನನ್ನ ಮೇಲಿನ ಡಾಕ್ಟರು ರಜೆಯಲ್ಲಿದ್ದರು. ತಂಡದ ಮ್ಯಾನೇಜರ್ ಬೆಳಗಿನಿಂದ ಎರಡು ಸಲ ಫೋನ್ ಮಾಡಿದ್ದ. ಕಣ್ಣಿನ ಹಿಂಭಾಗದ ಪರದೆಯ ಮೇಲೆ ಗಾಯದ ಕಲೆಯೊಂದು ಕಾಣುತ್ತಿತ್ತು. ಅದು ನೋಟದ ನಡುಬಿಂದುವಿಗೆ ತಾಗಿದೆಯೋ ಇಲ್ಲವೋ ನನಗೆ ಖಚಿತವಾಗಲಿಲ್ಲ. ಅಕ್ಷರಗಳ ಫಲಕ ಓದಿಸಿದೆ. ಬಲಗಣ್ಣಿನಲ್ಲಿ ಕೊನೆಯ ಸಾಲಿನವರೆಗೆ ಓದಿದ. ಆಗಲೇ ಮ್ಯಾನೇಜರನ ಮೂರನೆಯ ಫೋನ್. ಹೋಗಿ ಮಾತಾಡಿ, ಬೆವರುತ್ತಾ ಬಂದೆ. ಎಡಗಣ್ಣಿಗೂ ಅದೇ ಸಾಲು. ಆತ ಗಡಗಡ ಓದಿಬಿಟ್ಟ. ನನಗೆ ಬೇಕಾದದ್ದೂ ಅದೇ ಆಗಿತ್ತು. ಸಹಿ ಹಾಕಿ ಕೊಟ್ಟೆ.

ಮರುದಿನ ಶನಿವಾರ ಬೆಳಿಗ್ಗೆ ವಯಸ್ಸಾದ ಹೆಂಗಸೊಬ್ಬರನ್ನು ಪರೀಕ್ಷೆ ಮಾಡುತ್ತಿದ್ದೆ. ಮೊದಲ ಕಣ್ಣು ಮುಗಿದ ಮೇಲೆ, "ಈಗ ಅದೇ ಸಾಲನ್ನ ಹಿಂದಿನಿಂದ ಓದಿ" ಎಂದೆ. ನನ್ನ ಬಾಯಿಂದ ಬಂದ ಆ ಮಾತೇ ನನ್ನನ್ನು ತಡೆದು ನಿಲ್ಲಿಸಿತು. ಎರಡನೆಯ ಕಣ್ಣಿಗೆ ಸಾಲನ್ನು ಹಿಂದುಮುಂದಾಗಿ ಓದಿಸಬೇಕು, ಇಲ್ಲದಿದ್ದರೆ ರೋಗಿ ನೆನಪಿನಿಂದ ಓದುತ್ತಾನೆ. ಮೈಸೂರಿನಲ್ಲಿ ನಮ್ಮ ಮೇಷ್ಟರು ಮೊದಲ ವಾರವೇ ಹೇಳಿಕೊಟ್ಟದ್ದು. ಹಿಂದಿನ ದಿನ ನಾನು ಅದನ್ನು ಮಾಡಿರಲಿಲ್ಲ. ಆತ ಓದಿದ ವೇಗವೂ ನೆನಪಾಯಿತು. ಪೆಟ್ಟು ಬಿದ್ದ ಕಣ್ಣು ಯಾವುದೂ ಅಷ್ಟು ವೇಗವಾಗಿ ಓದುವುದಿಲ್ಲ.

ಆತನ ಮನೆಗೆ ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ. ತಂಡದ ಆಫೀಸಿನಲ್ಲಿ ಒಬ್ಬ ಎತ್ತಿಕೊಂಡ. ಸಂಜೆ ಲಾಸ್ ಏಂಜಲೀಸ್ ಕಡೆ ಆಟವಿದೆ, ಬಸ್ಸು ಹೊರಟಾಯಿತು, ಏನಿದ್ದರೂ ಸೋಮವಾರ ಕಾಗದದಲ್ಲಿ ಬರೆದು ಕಳಿಸಿ ಎಂದ. ನನ್ನ ಗಂಡ ಕಚೇರಿಯ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದರು. ಮುಖಕ್ಕೆ ಕಾಪಿಲ್ಲದೆ, ತಲೆಗೆ ಹೆಲ್ಮೆಟ್ ಇಲ್ಲದೆ ಆಡುತ್ತಿದ್ದ ದಿನಗಳು ಅವು. ಇನ್ನೊಂದು ಪೆಟ್ಟು ಒಳ್ಳೆಯ ಕಣ್ಣಿಗೆ ಬಿದ್ದರೆ? ಎಡಗಣ್ಣಿನ ಸೋತ ಪರದೆಯೇ ಹರಿದುಹೋದರೆ? ಕಾರಿನ ಕೀ ತೆಗೆದುಕೊಂಡೆ.

ಫ್ರೀವೇಯ ಆ ಎರಡೂವರೆ ಗಂಟೆ ನನಗೆ ತುಂಡು ತುಂಡಾಗಿ ನೆನಪಿದೆ. ಎಡಕ್ಕೆ ಸಮುದ್ರ ಇತ್ತಂತೆ, ನಾನು ನೋಡಲಿಲ್ಲ. ಬಲತುದಿಯ ಲೇನಿನಲ್ಲೇ ಹೋದೆ. ಹಿಂದಿನಿಂದ ಲಾರಿಗಳು ಹಾರನ್ ಹೊಡೆದಾಗ ಜೋರಾಗಿ ರಾಯರ ಸ್ತೋತ್ರ ಹೇಳಿಕೊಂಡೆ. ಅರ್ಧಕ್ಕೆ ಮರೆತು ಮತ್ತೆ ಮೊದಲಿನಿಂದ ಶುರು ಮಾಡಿದೆ. ಕೊನೆಗೆ ಸ್ಟಿಯರಿಂಗ್ ಬಿಡಲು ಹೋದರೆ ಬೆರಳುಗಳು ಬಿಚ್ಚಿಕೊಳ್ಳಲಿಲ್ಲ.

ಲಾಸ್ ಏಂಜಲೀಸಿನ ಪಕ್ಕದ ಟೊರೆನ್ಸ್‌ನಲ್ಲಿ ನಮಗೆ ಪರಿಚಯದ ಒಂದು ಮನೆಯಿತ್ತು. ಧಾರವಾಡದವರು, ಯಜಮಾನರು ವಿಮಾನದ ಕಂಪನಿಯೊಂದರಲ್ಲಿ ಎಂಜಿನಿಯರ್. ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಬಾಗಿಲು ತೆಗೆದ ಅಕ್ಕ ನನ್ನ ಹಿಂದೆ ಯಾರಾದರೂ ಇದ್ದಾರೇನೋ ಎಂದು ಇಣುಕಿದರು.

"ಅಯ್ಯ, ಒಬ್ಬಾಕೀನ ಬಂದೀಯೇನ? ಗಾಡಿ ಯಾರು ಹೊಡದ್ರು?"

"ನಾನೇ ಅಕ್ಕ. ಒಂದು ಲೋಟ ನೀರು ಕೊಡಿ, ಆಮೇಲೆ ಹಾಕಿ ಆಡೋ ಜಾಗಕ್ಕೆ ದಾರಿ ಹೇಳಿ. ನನ್ನಿಂದ ಒಂದು ತಪ್ಪಾಗಿದೆ."

ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಅಕ್ಕ ಒಲೆ ಆರಿಸಿ, ಚಪ್ಪಲಿ ಮೆಟ್ಟಿಕೊಂಡರು. "ನಡಿ, ನಾನೂ ಬರ್ತೀನಿ. ಗಾಡಿ ನಾ ಹೊಡೀತೀನಿ."

ನಾವು ತಲುಪುವ ಹೊತ್ತಿಗೆ ಆಟ ಶುರುವಾಗಿತ್ತು. ಒಳಗೆ ಕಾಲಿಟ್ಟರೆ ಚಳಿ. ಹೊರಗೆ ಹತ್ತಿಯ ಸೀರೆಗೆ ಸೆಕೆಯಾಗುವ ಹವೆ. ಮಂಜುಗಡ್ಡೆಯ ಮೇಲೆ ಹನ್ನೆರಡು ಜನ ಕತ್ತರಿ ಆಡಿಸಿದ ಹಾಗೆ ಸರಿದಾಡುತ್ತಿದ್ದರು. ಆತನನ್ನು ಗುರುತಿಸಲು ಕಷ್ಟವಾಗಲಿಲ್ಲ. ಪಕ್ ಎಡದಿಂದ ಬಂದಾಗಲೆಲ್ಲ, ಕೋಳಿ ಕಾಳು ನೋಡುವಂತೆ ಇಡೀ ತಲೆಯನ್ನು ತಿರುಗಿಸುತ್ತಿದ್ದ. ನಾನು ಅಕ್ಕನ ಮಣಿಕಟ್ಟು ಹಿಡಿದುಕೊಂಡೆ. ಒಮ್ಮೆ ಎದುರಾಳಿಯೊಬ್ಬ ಪಕ್ ಎತ್ತಿ ಹೊಡೆದ. ಅದು ಆತನ ಕಿವಿಯ ಪಕ್ಕದಲ್ಲೇ ಹಾರಿ ಹೋಗಿ ಹಿಂದಿನ ಗಾಜಿಗೆ ಬಡಿಯಿತು. ಆತ ಕದಲಿರಲಿಲ್ಲ. ಕಂಡಿದ್ದರೆ ತಾನೇ ಕದಲುವುದು? ಸ್ವಲ್ಪ ಹೊತ್ತಿಗೆ ಪಕ್ ಇದೆ ಎಂದುಕೊಂಡ ಜಾಗಕ್ಕೆ ಆತ ಬೀಸಿದ ಕೋಲು, ಜೊತೆಯ ಆಟಗಾರನ ಗಂಟಲಿನ ಹತ್ತಿರ ಹಾದುಹೋಯಿತು.

ಮೊದಲ ಬಿಡುವು ಬಂತು. ಡ್ರೆಸ್ಸಿಂಗ್ ರೂಮಿನ ಬಾಗಿಲಲ್ಲಿದ್ದ ಕಾವಲಿನವನು ನನ್ನ ಸೀರೆ ನೋಡಿ ನಕ್ಕು ಆಚೆ ಹೋಗಿ ಎಂದ. ಆಗ ಹಿಂದಿನಿಂದ ಒಬ್ಬಳು "ಡಾಕ್ಟರ್?" ಎಂದಳು. ಆತನ ಹೆಂಡತಿ. ಆಸ್ಪತ್ರೆಯಲ್ಲಿ ದಿನವೂ ನೋಡಿದ್ದ ಮುಖ. ನಾನು ಯಾಕೆ ಬಂದೆ ಎಂದು ಅವಳು ಕೇಳಲಿಲ್ಲ.

"ಮನೆಗೆ ಬಂದಾಗಿನಿಂದ ಕಾಫಿ ಬಗ್ಗಿಸಿದ್ರೆ ಕಪ್ಪಿನ ಹೊರಗೆ ಬೀಳ್ತಾ ಇದೆ" ಎಂದಳು. "ಅವನು ಒರೆಸ್ತಾನೆ. ನಾನು ನೋಡದ ಹಾಗೆ ಇದ್ದುಬಿಡ್ತೀನಿ."

ಅವಳೇ ಕಾವಲಿನವನನ್ನು ಸರಿಸಿ ಗಂಡನನ್ನು ಹೊರಗೆ ಕರೆದಳು. ಸ್ಕೇಟ್ ಎನ್ನುವ ಅಲಗಿನ ಬೂಟು ಹಾಕಿಕೊಂಡಿದ್ದ ಆತ ಬಾಗಿಲಿನಷ್ಟೇ ಎತ್ತರವಾಗಿ ಕಂಡ. ಬ್ಯಾಗಿನಿಂದ ಎರಡು ಪೆನ್ನು ತೆಗೆದು, ಒಂದನ್ನು ಆತನ ಕೈಗೆ ಕೊಟ್ಟು, ಇನ್ನೊಂದನ್ನು ಎದುರಿಗೆ ಎತ್ತಿ ಹಿಡಿದೆ.

"ಇದರ ತುದಿಗೆ ಅದರ ತುದಿ ಮುಟ್ಟಿಸಿ."

ಆತನ ಪೆನ್ನು ನನ್ನದರಿಂದ ಎರಡು ಬೆರಳು ಈಚೆಗೇ ನಿಂತಿತು. ಎರಡನೆಯ ಸಲ ದಾಟಿ ಹೋಯಿತು. ಒಂದೇ ಕಣ್ಣು ದೂರವನ್ನು ಸರಿಯಾಗಿ ಅಳೆಯಲಾರದು.

"ಈಗ ಬಲಗಣ್ಣು ಮುಚ್ಚಿಕೊಂಡು ನನ್ನ ಮುಖ ನೋಡಿ. ಏನು ಕಾಣುತ್ತೆ?"

ಆತ ತುಂಬ ಹೊತ್ತು ನೋಡಿದ. "ನಿಮ್ಮ ಸೀರೆ ಕಾಣುತ್ತೆ. ಮುಖ ಇಲ್ಲ. ಮುಖ ಇರಬೇಕಾದ ಕಡೆ ಬೂದಿ ಬಣ್ಣ."

ಹೆಂಡತಿ ಗೋಡೆಗೆ ಒರಗಿಕೊಂಡಳು.

"ನೀವು ಸಹಿ ಹಾಕಿದ್ದೀರಿ" ಎಂದ ಆತ.

"ಹೌದು. ಫೋನಿಗೆ ಹೆದರಿ, ಸರಿಯಾಗಿ ಪರೀಕ್ಷೆ ಮಾಡದೆ ಹಾಕಿದೆ. ತಪ್ಪು ನನ್ನದು. ಈಗ ವಾಪಸು ತಗೊಳ್ತಾ ಇದ್ದೀನಿ."

"ನಿಮ್ಮನ್ನ ಕೆಲಸದಿಂದ ತೆಗೀತಾರೆ."

"ತೆಗೀಬಹುದು."

"ನನಗೆ ಬೇರೆ ಏನೂ ಬರಲ್ಲ, ಡಾಕ್ಟರ್. ಹದಿನಾರರಿಂದ ಇದೊಂದೇ." ಆತ ಕೂಗಾಡಿದ್ದರೆ ನಾನು ಬಹುಶಃ ಓಡಿಹೋಗುತ್ತಿದ್ದೆ. ಆದರೆ ಆತನ ದನಿ ಕೆಳಗಿಳಿಯುತ್ತಲೇ ಹೋಯಿತು. "ಈಗ ಒಳಗೆ... ಅವನ ಗಂಟಲಿಗೆ ಬೀಸಿಬಿಟ್ಟಿದ್ದೆ. ಅವನು ಅಲ್ಲಿದ್ದದ್ದೇ ನನಗೆ ಗೊತ್ತಿಲ್ಲ. ನನಗೆ ಪೆಟ್ಟಾದ್ರೆ ಆಗಲಿ ಅಂತಿದ್ದೆ. ಇದು ಹೀಗಾಗುತ್ತೆ ಅಂತ ಅಂದುಕೊಂಡಿರಲಿಲ್ಲ."

ಅಲ್ಲಿದ್ದ ಬೆಂಚಿನ ಮೇಲೆ ಕೂತು ಸ್ಕೇಟಿನ ಲೇಸು ಬಿಚ್ಚತೊಡಗಿದ. ಗಂಟು ಸಿಗದೆ ತಡಕಾಡಿದಾಗ ಹೆಂಡತಿ ಮಂಡಿಯೂರಿ ಬಿಚ್ಚಿದಳು. ಆಮೇಲೆ ಬರಿಗಾಲಿನಲ್ಲಿ ಎದ್ದು, ಕೋಚ್ ಇದ್ದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ನನ್ನ ಕಡೆ ತಿರುಗಿ ನೋಡಲಿಲ್ಲ.

ಅಕ್ಕ ನನ್ನನ್ನು ಮನೆಗೆ ಕರೆದುಕೊಂಡು ಹೋಗಿ ಅನ್ನ ಸಾರು ಬಡಿಸಿದರು. ತಟ್ಟೆಯ ಮುಂದೆ ಕೂತು ಗೊಳೋ ಎಂದು ಅತ್ತೆ. "ಅಳು, ಅಳು. ಆದ್ರ ಉಣ್ಣಕೋತ ಅಳು" ಎಂದರು. ಮರುದಿನ ಬೆಳಕಿನಲ್ಲಿ ಯಜಮಾನರು ನನ್ನ ಕಾರು ಓಡಿಸಿಕೊಂಡು ಸ್ಯಾನ್ ಡಿಯಾಗೋದವರೆಗೆ ಬಂದು, ಬಸ್ಸಿನಲ್ಲಿ ವಾಪಸಾದರು.

ಸೋಮವಾರ ರಜೆ ಮುಗಿಸಿ ಬಂದ ದೊಡ್ಡ ಡಾಕ್ಟರಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಹೇಳಿದ್ದನ್ನೇ ಒಂದು ಅಕ್ಷರ ಬಿಡದೆ ಫೈಲಿನಲ್ಲಿ ಬರೆಯಿರಿ ಎಂದರು. ಬರೆದೆ. ಕೆಲಸದಿಂದ ತೆಗೆಯಲಿಲ್ಲ. ಆದರೆ ಮುಂದಿನ ಒಂದು ವರ್ಷ ಟಪಾಲಿನವನು ಗೇಟಿನ ಹತ್ತಿರ ಬಂದರೆ ನಾನು ಒಳಗೆ ಸರಿದುಬಿಡುತ್ತಿದ್ದೆ. ಗ್ರೀನ್ ಕಾರ್ಡು ಬಂದ ದಿನ ಕೂಡ ಲಕೋಟೆ ಒಡೆಯಲು ಧೈರ್ಯ ಸಾಲದೆ ಗಂಡನ ಕೈಗೆ ಕೊಟ್ಟೆ.

ಆತ ಮತ್ತೆ ಆಡಲಿಲ್ಲ. ಮುಂದಿನ ಪರೀಕ್ಷೆಗಳಿಗೆ ಬೇರೆ ಡಾಕ್ಟರ ಹತ್ತಿರ ಹೋದ. ಎಡಗಣ್ಣಿನ ಅಂಚಿನಲ್ಲಿ ಕಪ್ಪು ತೆರೆ ಇಳಿದಂತೆ ಕಂಡರೆ ಒಂದು ದಿನವೂ ಕಾಯಬಾರದು ಎಂದು ಚೀಟಿಯಲ್ಲಿ ಬರೆದು ಆತನ ಹೆಂಡತಿಗೆ ಕೊಟ್ಟಿದ್ದೆ. ಎರಡು ವರ್ಷ ಸುದ್ದಿಯಿರಲಿಲ್ಲ. ಒಂದು ಬೆಳಿಗ್ಗೆ ಅಪಾಯಿಂಟ್‌ಮೆಂಟ್ ಇಲ್ಲದೆ ಇಬ್ಬರೂ ಬಂದು ನಿಂತರು. ಆ ತೆರೆ ಇಳಿದಿತ್ತು, ಕಣ್ಣಿನ ಹಿಂಭಾಗದ ಪರದೆ ಕಳಚತೊಡಗಿತ್ತು. ಅವತ್ತೇ ಆಪರೇಷನ್ ಆಯಿತು, ಅಂಚಿನ ನೋಟ ಉಳಿಯಿತು.

"ಎರಡು ಚಳಿಗಾಲ ನಿಮ್ಮನ್ನ ದ್ವೇಷ ಮಾಡಿದೆ" ಎಂದ ಆತ, ಪಟ್ಟಿ ಬಿಚ್ಚಿದ ದಿನ.

"ಈಗ?"

"ಈಗ ಸಾಕಾಗಿದೆ."

ಅಷ್ಟರಲ್ಲಿ ಆತ ಊರಿನ ಒಂದು ರಿಂಕ್‌ನಲ್ಲಿ, ಅಂದರೆ ಮಂಜುಗಡ್ಡೆಯ ಅಂಗಳದಲ್ಲಿ, ಮಕ್ಕಳಿಗೆ ಆಟ ಕಲಿಸುತ್ತಿದ್ದ. ಮುಖಕ್ಕೆ ಕಂಬಿಯ ಮುಸುಕು ಹಾಕದ ಮಗುವನ್ನು ಮಂಜುಗಡ್ಡೆಯ ಮೇಲೆ ಇಳಿಸುವುದಿಲ್ಲ ಎಂದು ಹಟ ಹಿಡಿದಿದ್ದ, ಅಪ್ಪಂದಿರು ಗೊಣಗುತ್ತಿದ್ದರು. ನೀವು ಬಂದು ಅವರಿಗೆ ಹೇಳಿ ಎಂದು ಕೇಳಿದ. ನಲವತ್ತು ಜನ ಅಪ್ಪ ಅಮ್ಮಂದಿರ ಮುಂದೆ ನಾನು ನಿಂತೆ. ಪಕ್ ಬಡಿದಾಗ ಕಣ್ಣಿನೊಳಗೆ ಏನೇನಾಗುತ್ತದೆ ಎಂದು ಹೇಳುತ್ತ ಹೋದೆ. ಒಬ್ಬ ಅಪ್ಪ ಎದ್ದು, "ಇಷ್ಟೆಲ್ಲ ಹೆದರಿಸಿದ್ರೆ ಮಕ್ಕಳು ಆಡೋದು ಹೇಗೆ?" ಎಂದ. ನನ್ನನ್ನು ಕರೆಸಿದ್ದ ಆತನೇ ಹಿಂದಿನ ಸಾಲಿನಿಂದ ಹೇಳಿದ: "ಹೆದರಿಕೊಂಡೇ ಆಡ್ತಾರೆ. ನಾನೂ ಹಾಗೇ ಆಡಿದ್ದು."

ಮುಂದಿನ ವಾರ ಮಕ್ಕಳೆಲ್ಲ ಮುಸುಕು ಹಾಕಿಕೊಂಡು ಬಂದರು ಎಂದು ಆತನ ಹೆಂಡತಿ ಫೋನಿನಲ್ಲಿ ತಿಳಿಸಿದಳು.