ಕಾವಲುಗಾರ ಒಳಗೆ ಬಿಡದ ಸಾಲು

ಬೆಳಗಿನ ಐದೂವರೆ. ಕಾಗೆಗೂ ಇನ್ನೂ ಬಾಯಿ ಬಂದಿಲ್ಲ. ನನ್ನ ಸೊಸೆ ಅಡುಗೆಮನೆ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಕೊಂಡು, ಮುಡಿಗೆ ಪೆನ್ಸಿಲ್ ಸಿಕ್ಕಿಸ್ಕೊಂಡು, ಅದನ್ನ ನುಂಗೋ ಹಾಗೆ ನೋಡ್ತಿದ್ದಾಳೆ. ನಮ್ಮನೆಯವರು ತೀರ್ಕೊಂಡ ದಿನಾನೂ ನಾನು ಇಷ್ಟು ಮುಖ ಗಂಟಿಕ್ಕಿರ್ಲಿಲ್ಲ.

"ಗಂಡನ ಮುಖ ಒಂದಿನನಾದ್ರೂ ಹಿಂಗೆ ನೋಡಿದ್ದೀಯೇನೇ?"

"ಅವ್ರು ಕೆಟ್ಟು ನಿಂತ್ರೆ ನೋಡ್ತೀನಿ ಅತ್ತೆ. ಸದ್ಯಕ್ಕೆ ಇದು ಕೆಟ್ಟಿದೆ."

ಕೆಟ್ಟಿರೋದು ಆಸ್ಪತ್ರೆಯ ಪ್ರೋಗ್ರಾಮು. ಎಂಟಕ್ಕೆ ಡಯಾಲಿಸಿಸ್‌ಗೆ ಬರೋ ಇಪ್ಪತ್ತಾರು ಜನರ ಸರದಿ, ಔಷಧಿ ಅಳತೆ, ಎಲ್ಲಾ ಅದರ ಹೊಟ್ಟೇಲಿ. ನಿನ್ನೆ ಸಂಜೆ ಹೊಸದು ಹಾಕಿದ್ದೇ ತಡ, ಬಾಯೇ ಬಿಡ್ತಿಲ್ಲ.

ಹನ್ನೊಂದು ವರ್ಷದಿಂದ ಇವಳದ್ದು ಇದೇ ಕೆಲಸ. ಒಂದು ಕೈಲಿ ತೊಟ್ಟಿಲು ತೂಗ್ತಾ, ಇನ್ನೊಂದ್ರಲ್ಲಿ ಪುಸ್ತಕ ಹಿಡಿದು ಕಲಿತವಳು. ದಿನಕ್ಕೆ ಹತ್ತು ಹನ್ನೆರಡು ತಪ್ಪು ಹಿಡೀತೀನಿ ಅಂತಾಳೆ. ನಾನು ಕಂಡ ಹಾಗೆ ಸಾವಿರಕ್ಕೆ ಕಮ್ಮಿ ಇಲ್ಲ. ಶಾಭಾಸ್‌ಗಿರಿ ಮಾತ್ರ ಮ್ಯಾನೇಜರಿಗೆ.

"ನಾವು ಬರೆದಿದ್ದು ಯಂತ್ರ ಓದೋ ಬೈಟ್‌ಕೋಡ್ ಅಂತ ಆಗತ್ತೆ ಅತ್ತೆ. ಅದು ಓಡೋ ಮುಂಚೆ ಯಂತ್ರದೊಳಗೇ ಇರೋ ಒಬ್ಬ ಕಾವಲುಗಾರ, ಅವನೂ ಒಂದು ಪ್ರೋಗ್ರಾಮೇ, ಸಾಲು ಸಾಲೂ ತಪಾಸಣೆ ಮಾಡ್ತಾನೆ. ಒಂದು ಸಾಲನ್ನ ಒಳಗೆ ಬಿಡ್ತಿಲ್ಲ."

"ಯಾವನು ಬರೆದಿದ್ದು?"

"ನಾನೇ."

ಹೊಸ ರೋಗಿಯ ಚೀಟಿ ಮಾಡೋ ಸಾಲು ಅದು. ಹೀಗೀಗೆ ಮಾಡು ಅಂತ ಬಿಡಿಸಿ ಬರೀದೆ, ಮಾಡೋದು ಅಲ್ಲಿದೆ ನೋಡ್ಕೋ ಅಂತ ಬೆರಳು ತೋರಿಸಿಬಿಟ್ಟಿದ್ದಾಳೆ. ಪ್ರೋಗ್ರಾಮು ಬರೆಯೋ ಭಾಷೇಲಿ ಅದು ತಪ್ಪಲ್ಲವಂತೆ, ಇವಳ ಯಂತ್ರದಲ್ಲೂ ಚೆನ್ನಾಗೇ ಓಡ್ತು. ಆದ್ರೆ ಆಸ್ಪತ್ರೆಗೆ ಕಳಿಸೋವಾಗ ಪ್ರೋಗ್ರಾಮನ್ನ ಹಿಂಡಿ ಸಣ್ಣದು ಮಾಡೋ ಒಂದು ಸಾಧನ ಇದೆ. ಅದಕ್ಕೆ ಬೆರಳು ಅರ್ಥ ಆಗ್ಲಿಲ್ಲ. ಚೀಟಿ ಮಾಡೋ ಕೆಲಸ ಬಿಟ್ಟು, ಮಾಡಾಯ್ತು ಅಂತ ಮುಂದಕ್ಕೆ ದಾಟಿಸ್ತು. ಒಲೆ ಹಚ್ಚದೆ ಊಟಕ್ಕೆ ಕರೆದ ಹಾಗೆ! ಕಾವಲುಗಾರ ತಡೆದಿದ್ದೇ ಪುಣ್ಯ.

"ಹಿಂಡಿದ್ಮೇಲೆ ಒಂದ್ಸಲ ಓಡಿಸಿ ನೋಡ್ಬೇಕಿತ್ತು. ನನ್ನ ಹತ್ರ ಸರಿ ಇದೆಯಲ್ಲ ಅಂತ ಕಳಿಸ್ಬಿಟ್ಟೆ," ಅಂತ ಹಣೆ ಉಜ್ಜಿಕೊಳ್ತಾಳೆ.

ಈಗ ಇಲ್ಲೇ ಹಿಂಡಿ ಓಡಿಸ್ತಾಳೆ. ಅದೇ ತಕರಾರು. ಸಾಲನ್ನ ಬಿಡಿಸಿ ಉದ್ದಕ್ಕೆ ಬರೀತಾಳೆ, ಮತ್ತೆ ಹಿಂಡ್ತಾಳೆ. ಓಡತ್ತೆ. ಏಳೂ ನಲವತ್ತಕ್ಕೆ ಕಳಿಸ್ತಾಳೆ. ಆಮೇಲೆ ಹನ್ನೆರಡು ನಿಮಿಷ ಮನೇಲಿ ಯಾರೂ ಉಸಿರಾಡಿಲ್ಲ, ಆಣೆಗೂ.

ಫೋನು. ಆಸ್ಪತ್ರೆಯ ನರ್ಸು. "ಪಟ್ಟಿ ಬಂತು ಅಕ್ಕಾ, ಮೊದಲನೇ ಅಜ್ಜನ್ನ ಮಲಗಿಸ್ತಿದ್ದೀವಿ," ಅಂದು ಇಟ್ಟೇ ಬಿಡ್ತಾಳೆ.

"ಮ್ಯಾನೇಜರಿಗೆ ಹೇಳೇ, ಒಂದು ಹಾರನಾದ್ರೂ ಹಾಕ್ಲಿ."

"ಹಾರ ಬೇಡ ಅತ್ತೆ. ಆ ಸಾಲಿನ ಮೇಲೆ ಒಂದು ಮಾತು ಬರೆದಿಟ್ಟಿದ್ದೀನಿ: ಇದು ಉದ್ದ ಇದೆ ಅಂತ ಯಾರೂ ಚಿಕ್ಕದು ಮಾಡ್ಬೇಡಿ. ಅದನ್ನ ಅಳಿಸದಿದ್ರೆ ಸಾಕು."