ಕ್ಯಾಸೆಟ್ ವಾಪಸ್ ಕೊಡುವಾಗ ಹೇಳಬೇಕಾದ ಕತೆ

ನನ್ನ ತಮ್ಮನಿಗೆ ಮಾತು ಚೆನ್ನಾಗಿಯೇ ಬರುತ್ತಿತ್ತು. ಹೊರಗೆ ಬರುವಾಗ ಮಾತ್ರ ಮೊದಲಕ್ಷರದಲ್ಲೇ ಸಿಕ್ಕಿಹಾಕಿಕೊಳ್ಳುತ್ತಿತ್ತು. ಮನೆಯಲ್ಲಿ ಯಾರಿಗೂ ಅದು ತೊಂದರೆ ಅನ್ನಿಸುತ್ತಿರಲಿಲ್ಲ. ಅವನು "ನೀ..." ಅಂದರೆ ಅವ್ವ ನೀರಿನ ಚೊಂಬು ಮುಂದಿಡುತ್ತಿದ್ದಳು. "ಚ..." ಅಂದರೆ ಅಪ್ಪ ಚಡ್ಡಿ ಎಲ್ಲಿದೆ ಎಂದು ತೋರಿಸುತ್ತಿದ್ದ. ಹೀಗೆ ಅರ್ಧ ಅಕ್ಷರದಲ್ಲೇ ಅವನ ಸಂಸಾರ ನಡೆದುಹೋಗುತ್ತಿತ್ತು. ಶಾಲೆಯಲ್ಲಿ ಹಾಜರಿ ಕೂಗಿದರೆ ಕೈ ಎತ್ತುತ್ತಿದ್ದ. ಪೇಟೆಗೆ ಹೋದರೆ ಅವನ ಪರವಾಗಿ ಮಾತಾಡುವುದು ಅಕ್ಕನಾದ ನನ್ನ ಕೆಲಸ. ನನಗೋ ಮಾತೆಂದರೆ ಹಬ್ಬ. ಹಾಗಾಗಿ ಇಬ್ಬರಿಗೂ ಈ ಏರ್ಪಾಡು ಹಿತವಾಗಿಯೇ ಇತ್ತು.

ನಮ್ಮದು ಶಿಕಾರಿಪುರದ ಬಳಿಯ ಅಂಜನಾಪುರ ಜಲಾಶಯದ ಹತ್ತಿರದ ಊರು. ಅಪ್ಪನಿಗೆ ನಾಲೆಗೆ ನೀರು ಬಿಡುವ, ನಿಲ್ಲಿಸುವ ಸರ್ಕಾರಿ ಕೆಲಸ. ಒಂದು ಬೇಸಿಗೆಯಲ್ಲಿ ಸೋದರಮಾವ ದಾವಣಗೆರೆಯಿಂದ ಬರುವಾಗ ಟಿವಿಗೆ ಹಚ್ಚಿ ಆಡುವ ವಿಡಿಯೋ ಗೇಮ್ ತಂದುಕೊಟ್ಟ. ಕಪ್ಪು ಪೆಟ್ಟಿಗೆ, ಅದಕ್ಕೆ ವೈರಿನಿಂದ ಕಟ್ಟಿದ ಎರಡು ರಿಮೋಟು, ಮೇಲೆ ತುರುಕುವ ಹಳದಿ ಕ್ಯಾಸೆಟ್ಟು. ಟಿವಿಯ ಹಿಂದಿನ ಪಿನ್ನನ್ನು ಅಲುಗಾಡಿಸಿ, ಚಾನೆಲ್ ತಿರುಗಿಸಿ ತಿರುಗಿಸಿ, ಇರುವೆ ಓಡಾಡುವಂಥ ಪರದೆಯಲ್ಲಿ ಬಣ್ಣ ಮೂಡಿದಾಗ ತಮ್ಮ ಕುಣಿದಾಡಿಬಿಟ್ಟ. ಮಾವ ತಂದಿದ್ದು ಒಂದೇ ಕ್ಯಾಸೆಟ್ಟು. ಅದರಲ್ಲಿದ್ದ ಕಾರನ್ನು ಓಡಿಸಿ ಓಡಿಸಿ ಬೇಜಾರಾದ ಹೊತ್ತಿಗೆ, ಶಿಕಾರಿಪುರದಲ್ಲಿ ಕ್ಯಾಸೆಟ್ ಬಾಡಿಗೆಗೆ ಕೊಡುತ್ತಾರೆ ಎಂದು ಯಾರೋ ಹೇಳಿದರು.

ಶನಿವಾರ ಬೆಳಗಿನ ಶಾಲೆ ಬಿಟ್ಟ ಕೂಡಲೇ ನಾವಿಬ್ಬರೂ ಬಸ್ಸು ಹತ್ತಿದೆವು. ಅಂಗಡಿ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿತ್ತು. ಒಂದು ಗೋಡೆಯ ತುಂಬ ಸಿನಿಮಾ ಕ್ಯಾಸೆಟ್ಟುಗಳು, ಇನ್ನೊಂದು ಗೋಡೆಗೆ ಗಾಜಿನ ಕಪಾಟಿನಲ್ಲಿ ಗೇಮುಗಳು. ಮೂಲೆಯ ಟಿವಿಯ ಮುಂದೆ ಗಂಟೆ ಲೆಕ್ಕದಲ್ಲಿ ಆಡುವ ಹೈಸ್ಕೂಲ್ ಹುಡುಗರು ಒಬ್ಬರ ಮೇಲೊಬ್ಬರು ಬಿದ್ದಿದ್ದರು. ಬಾಗಿಲ ಹತ್ತಿರ ಬೆಳಕಿಗೆ ಮುಖಮಾಡಿ, ಮಡಿಲಲ್ಲಿ ಸೀರೆ ಹರಡಿಕೊಂಡು ಫಾಲ್ ಹಾಕುತ್ತ ಒಬ್ಬ ಹೆಂಗಸು ಕೂತಿದ್ದರು. ಅಂಗಡಿ ಅವರದೇ. ಅವರ ಯಜಮಾನರು ಮದುವೆಗಳಿಗೆ ವಿಡಿಯೋ ತೆಗೆಯಲು ಊರೂರು ತಿರುಗುತ್ತಿದ್ದರು, ಅಂಗಡಿಯನ್ನು ಇವರೇ ನಡೆಸುತ್ತಿದ್ದರು. ಎಲ್ಲರಿಗೂ ಅವರು ಅಂಗಡಿ ಅಕ್ಕ.

ಕ್ಯಾಸೆಟ್ಟುಗಳ ಮೇಲೆ ಚೀನಾದ್ದೋ ಜಪಾನಿನದ್ದೋ ಅಕ್ಷರ, ಕೆಲವುಗಳ ಚೀಟಿಯೇ ಹರಿದುಹೋಗಿತ್ತು. ಅದಕ್ಕೆಂದೇ ಅಂಗಡಿ ಅಕ್ಕ ಪ್ರತಿಯೊಂದಕ್ಕೂ ತಾವೇ ಕನ್ನಡದ ಹೆಸರಿಟ್ಟಿದ್ದರು. ದೋಣಿ ಯುದ್ಧ, ಹಟಮಾರಿ ಹಕ್ಕಿ, ಗುಂಡುಕಲ್ಲು, ಮುಳುಗೋ ಕೋಟೆ. ಶಿಕಾರಿಪುರದ ಮಕ್ಕಳೆಲ್ಲ ಆ ಹೆಸರುಗಳಿಂದಲೇ ಕೇಳುತ್ತಿದ್ದರು. ಆ ಗೇಮುಗಳಿಗೆ ಬೇರೆ ಹೆಸರು ಇದ್ದಿರಬಹುದು ಎಂದು ನನಗೆ ಎಷ್ಟೋ ವರ್ಷ ಹೊಳೆದೇ ಇರಲಿಲ್ಲ.

ತಮ್ಮ ಮುಳುಗೋ ಕೋಟೆಯತ್ತ ಬೆರಳು ತೋರಿಸಿದ. ನಾನು ಕೇಳಿದೆ, ಅಕ್ಕ ತೆಗೆದುಕೊಟ್ಟರು.

"ಮುಂದಿನ ಶನಿವಾರ ತರ್ರಿ. ಬಾಡಿಗಿ ಜೊತೆಗೆ ಕತೆನೂ ಹೇಳಬೇಕು ಮತ್ತೆ."

"ಯಾವ ಕತೆ ಅಕ್ಕ?"

"ಆಟದಾಗೆ ಏನೇನಾತು, ಎಲ್ಲಿತನಕ ಹೋದ್ರಿ, ಎಲ್ಲಿ ಸತ್ರಿ, ಎಲ್ಲಾ. ನನಗೆ ಆಡಾಕೆ ಪುರುಸೊತ್ತು ಎಲ್ಲೈತೆ? ಇರೋದೊಂದು ಟಿವಿ, ಅದ್ನ ಈ ಹುಡುಗರು ಬಿಡಂಗಿಲ್ಲ. ನೀವು ಆಡ್ರಿ, ನಾನು ಕೇಳ್ತೀನಿ."

ಅದು ಅಂಗಡಿಯ ಕಾನೂನು. ಕ್ಯಾಸೆಟ್ ತಂದವರೆಲ್ಲ ಅವರ ಪಕ್ಕದ ಸ್ಟೂಲಿನ ಮೇಲೆ ಕೂತು ಕತೆ ಒಪ್ಪಿಸಬೇಕು. ಸೂಜಿ ಆಡಿಸುತ್ತಲೇ ಅವರು "ಹೂಂ" ಅನ್ನುವರು, ನಡುವೆ ಪ್ರಶ್ನೆ ಕೇಳುವರು. ಹೀಗೆ ಕೇಳಿದ್ದೆಲ್ಲ ಅವರ ತಲೆಯಲ್ಲಿ ಉಳಿಯುತ್ತಿತ್ತು. ಬೇರೆ ಯಾರಾದರೂ ಅದೇ ಗೇಮಿನಲ್ಲಿ ದಾರಿ ಕಾಣದೆ ಬಂದರೆ, "ಅಲ್ಲಿ ಎಡಕ್ಕೆ ಹೋಗಬ್ಯಾಡ, ಹಾವು ಐತೆ" ಎಂದು ಹೇಳಿ ಕಳಿಸುತ್ತಿದ್ದರು. ಒಂದು ಗೇಮನ್ನೂ ಮುಟ್ಟದೆ ಅಷ್ಟೂ ಗೇಮುಗಳ ಒಳಹೊರಗನ್ನು ತಿಳಿದುಕೊಂಡಿದ್ದ ಅವರ ಬಗ್ಗೆ ನನಗೆ ಆಗಲೂ ಬೆರಗು, ಈಗಲೂ ಬೆರಗು.

ಮುಂದಿನ ಶನಿವಾರ ಸ್ಟೂಲಿನ ಮೇಲೆ ನಾನೇ ಕೂತೆ. ಕೋಟೆ, ಅದರೊಳಗೆ ಈಟಿ ಹಿಡಿದ ಸಣ್ಣ ಸಿಪಾಯಿ, ಬಾವಲಿಗಳು ಎಂದು ಶುರುಮಾಡಿ ಉಪ್ಪುಖಾರ ಹಚ್ಚಿ ಹೇಳತೊಡಗಿದೆ. ಅಕ್ಕ ಸೂಜಿ ನಿಲ್ಲಿಸಿದರು.

"ಆಡಿದ್ದು ನೀನಾ ತಂಗಿ?"

"ಅಲ್ಲ ಅಕ್ಕ, ಇವನು. ನಾನು ಪಕ್ಕದಲ್ಲಿ ಕೂತು ನೋಡಿದೆ."

"ಮತ್ತೆ ಇವನೇ ಹೇಳ್ಲಿ."

"ಅವನಿಗೆ ಮಾತು ಸ್ವಲ್ಪ ತಡೀತದೆ ಅಕ್ಕ."

"ತಡೀಲಿ ಬಿಡು. ಈ ಸೀರೆ ಇನ್ನೂ ಅರ್ಧ ಐತೆ."

ನಾನು ಎದ್ದೆ, ತಮ್ಮ ಕೂತ. ಅವನ ಕಿವಿ ಕೆಂಪಾಗಿತ್ತು. ಅಕ್ಕ ಅವನ ಮುಖ ನೋಡಲಿಲ್ಲ, ತಲೆತಗ್ಗಿಸಿ ಹೊಲಿಯುತ್ತಲೇ ಇದ್ದರು. ಕೊನೆಗೆ ಅವನು "ಬಿ... ಬಿ... ಬಿದ್ದೆ" ಅಂದ.

"ಓ, ಬಿದ್ಯಾ? ಎಲ್ಲಿ?"

ತಮ್ಮ ಗಾಳಿಯಲ್ಲಿ ಕೈಯಿಂದ ಮೆಟ್ಟಿಲು ಬರೆದು ತೋರಿಸಿದ.

"ಕೈ ನೋಡಾಕೆ ಆಗಲ್ಲ ತಮ್ಮಾ, ಸೂಜಿ ಚುಚ್ಚತದೆ. ಬಾಯಲ್ಲಿ ಹೇಳು."

"ಮೆ... ಮೆಟ್ಲು."

ಆ ದಿನ ಅಷ್ಟೇ. "ಭಾಳ ಚೊಲೋ ಆತು, ಉಳಿದದ್ದು ಮುಂದಿನ ವಾರ" ಎಂದು ಹೇಳಿ ಅಕ್ಕ ಅದೇ ಕ್ಯಾಸೆಟ್ಟನ್ನು ಮತ್ತೆ ಕೊಟ್ಟರು. ಬಸ್ಸಿನಲ್ಲಿ ತಮ್ಮ ಕಿಟಕಿಯಾಚೆ ನೋಡುತ್ತ ಕೂತಿದ್ದ. ತುಟಿ ಅಲುಗುತ್ತಿತ್ತು. ಬೇಜಾರಾಯಿತೇನೋ ಎಂದುಕೊಂಡು ಬಗ್ಗಿ ಕೇಳಿದರೆ, ಅವನು ಮುಂದಿನ ವಾರ ಹೇಳಬೇಕಾದ ಕತೆಯನ್ನು ಈಗಲೇ ಜೋಡಿಸಿಕೊಳ್ಳುತ್ತಿದ್ದ.

ಅಲ್ಲಿಂದ ಪ್ರತಿ ಶನಿವಾರ ಅವನ ಕತೆ ಸ್ವಲ್ಪ ಸ್ವಲ್ಪವೇ ಉದ್ದವಾಯಿತು. ಉಗ್ಗು ಹೋಯಿತು ಎಂದು ತಿಳಿಯಬೇಡಿ, ಅದು ಎಲ್ಲೂ ಹೋಗಲಿಲ್ಲ. ಒಂದೊಂದು ಮಾತಿಗೆ ಅಕ್ಕ ಒಂದು ಗೇಣು ಹೊಲಿಗೆ ಮುಗಿಸುತ್ತಿದ್ದರು. ಆದರೆ ಅವರಿಗೆ ನಿಜವಾಗಿಯೂ ಕತೆ ಬೇಕಿತ್ತು. ಹುಡುಗನಿಗೆ ಮಾತು ಕಲಿಸೋಣ ಎಂಬ ಉಪಕಾರದ ಭಾವ ಅವರ ಮುಖದಲ್ಲಿ ನಾನು ಒಮ್ಮೆಯೂ ಕಂಡಿಲ್ಲ. "ಆ ಬಾವಲಿ ಮತ್ತೆ ಬಂತಾ?" ಎಂದು ಅವರು ಕೇಳಿದರೆ ಬಾವಲಿಯ ಚಿಂತೆಯೇ ಅವರ ದನಿಯಲ್ಲಿ ಇರುತ್ತಿತ್ತು. ತಮ್ಮನಿಗೆ ಅದು ಗೊತ್ತಾಗುತ್ತಿತ್ತು.

ಮುಳುಗೋ ಕೋಟೆಯಲ್ಲಿ ಯಾರಿಗೂ ದಾಟಲಾಗದ ಒಂದು ಜಾಗವಿತ್ತು. ಸಿಪಾಯಿ ಆಳವಾದ ಕೋಣೆಗೆ ಇಳಿಯುತ್ತಲೇ ಬಾಗಿಲು ಮುಚ್ಚಿಕೊಂಡು ಕೆಳಗಿನಿಂದ ನೀರು ಏರುತ್ತದೆ. ಎಲ್ಲರೂ ಗಾಬರಿಯಿಂದ ಗೋಡೆಯ ಕಲ್ಲುಗಳ ಮೇಲೆ ಜಿಗಿಯುತ್ತ ಮೇಲಕ್ಕೆ ಓಡುತ್ತಾರೆ. ಕಲ್ಲು ಕುಸಿಯುತ್ತದೆ, ಸಿಪಾಯಿ ಸಾಯುತ್ತಾನೆ. ಅಂಗಡಿಯ ಹೈಸ್ಕೂಲ್ ಹುಡುಗರೂ ಅಲ್ಲೇ ಸಾಯುತ್ತಿದ್ದರು. ಕ್ಯಾಸೆಟ್ಟೇ ಕೆಟ್ಟಿದೆ, ಮುಂದೆ ಆಟವೇ ಇಲ್ಲ ಎಂದು ಅವರು ತೀರ್ಮಾನ ಮಾಡಿದ್ದರು.

ಒಂದು ದಿನ ಸಂಜೆ ಅಪ್ಪ ನಾಲೆಯ ಕಡೆ ಹೊರಟಾಗ ತಮ್ಮನೂ ಜೊತೆಗೆ ಹೋದ. ಅಪ್ಪ ತೂಬಿನ ಬಾಗಿಲು ಎತ್ತುತ್ತಲೇ ನಾಲೆಯಲ್ಲಿ ನೀರು ಏರಿತು, ದಂಡೆಯ ಬುಡದಲ್ಲಿ ಬಿದ್ದಿದ್ದ ಒಂದು ಮುರುಕು ಹಲಗೆ ತಾನಾಗಿ ಮೇಲೆದ್ದು ತೇಲತೊಡಗಿತು. ಮನೆಗೆ ಓಡಿಬಂದವನೇ ತಮ್ಮ ಟಿವಿ ಹಚ್ಚಿದ. ಆ ಕೋಣೆಯ ಮೂಲೆಯಲ್ಲಿ ಒಂದು ಮರದ ಪೆಟ್ಟಿಗೆ ಇರುವುದನ್ನು ನಾವೆಲ್ಲ ನೋಡಿದ್ದೆವು, ಅಲಂಕಾರಕ್ಕೆ ಇದೆ ಎಂದುಕೊಂಡಿದ್ದೆವು. ತಮ್ಮ ಸಿಪಾಯಿಯನ್ನು ಅದರ ಮೇಲೆ ನಿಲ್ಲಿಸಿ ರಿಮೋಟನ್ನು ನೆಲದ ಮೇಲೆ ಇಟ್ಟುಬಿಟ್ಟ. "ಓಡಿಸೋ, ಸಾಯ್ತಾನೆ!" ಎಂದು ನಾನು ಕೂಗಿದೆ. ಅವನು ಅಲುಗಾಡಲಿಲ್ಲ. ನೀರು ಏರಿತು, ಪೆಟ್ಟಿಗೆ ತೇಲಿತು, ಸಿಪಾಯಿ ನಿಂತಲ್ಲೇ ನಿಂತು ಮೇಲಕ್ಕೆ ಬಂದ. ಗೋಡೆಯ ತುದಿಯಲ್ಲಿ ಒಂದು ಬಾಗಿಲು ತೆರೆಯಿತು. ಆಚೆ ಕೋಟೆಯ ಮಾಳಿಗೆ, ನೀಲಿ ಆಕಾಶ. ಅಷ್ಟು ದಿನ ಕತ್ತಲೆಯನ್ನೇ ನೋಡಿದ್ದ ನಾವು ಟಿವಿಯ ಹತ್ತಿರ ಹತ್ತಿರಕ್ಕೆ ಸರಿದೆವು. ಅವ್ವ ಒಲೆ ಬಿಟ್ಟು ಎದ್ದುಬಂದು, "ಅಯ್ಯೋ, ಎಷ್ಟು ಚೆಂದ ಐತಲ್ಲೋ!" ಅಂದಳು.

ಆ ಶನಿವಾರ ಸ್ಟೂಲಿನ ಮೇಲೆ ಕೂತು ತಮ್ಮ "ದಾ... ದಾಟಿದೆ" ಎಂದಷ್ಟೇ ಅಂದ. ಮೂಲೆಯ ಟಿವಿಯ ಮುಂದಿದ್ದ ಹುಡುಗರೆಲ್ಲ ತಿರುಗಿ ನೋಡಿದರು. ಆಟ ಅಲ್ಲೇ ಬಿಟ್ಟು ಬಂದು ಅವನನ್ನು ಸುತ್ತುವರಿದರು.

"ಸುಳ್ಳು! ಹೆಂಗ್ ದಾಟಿದಿ?"

"ಪೆ... ಪೆ..."

"ಪೆನ್ನಾ? ಪೆಟ್ರೋಲಾ?" ಎಂದು ಒಬ್ಬ ನಕ್ಕ. ಉಳಿದವರೂ ನಕ್ಕರು. ನನ್ನ ಬಾಯಿಯವರೆಗೆ "ಪೆಟ್ಟಿಗೆ" ಬಂದಿತ್ತು. ಅಷ್ಟರಲ್ಲಿ ಅಂಗಡಿ ಅಕ್ಕ ಹಲ್ಲಿನಿಂದ ದಾರ ಕಡಿದು ತಲೆ ಎತ್ತಿದರು. ದನಿ ಏರಿಸಲಿಲ್ಲ.

"ಸುಮ್ಮನಿರ್ರಪಾ. ಅವನ ಮಾತು ಅವನು ಮುಗಿಸ್ತಾನೆ. ನಿಮಗೆ ದಾರಿ ಬೇಕೋ ಬ್ಯಾಡೋ?"

ದಾರಿ ಬೇಕಿತ್ತು. ಹುಡುಗರು ಸುಮ್ಮನಾದರು. ತಮ್ಮ ಒಮ್ಮೆ ನನ್ನನ್ನು ನೋಡಿದ, ಆಮೇಲೆ ಹುಡುಗರನ್ನು ನೋಡಿದ. ಪೆಟ್ಟಿಗೆ, ನೀರು, ಹಲಗೆ, ನಾಲೆ, ಕೈ ಬಿಟ್ಟು ಕೂರಬೇಕು ಎಂಬುದು, ಎಲ್ಲವನ್ನೂ ಹೇಳಿದ. ಒಂದೊಂದು ಮಾತಿಗೂ ಅವನ ಕುತ್ತಿಗೆಯ ನರ ಬಿಗಿಯುತ್ತಿತ್ತು, ಆದರೆ ಯಾರೂ ನಡುವೆ ಬಾಯಿ ಹಾಕಲಿಲ್ಲ. ಮುಗಿದ ಕೂಡಲೇ ಅವರಲ್ಲೊಬ್ಬ ಓಡಿಹೋಗಿ ಅಂಗಡಿಯ ಟಿವಿಗೆ ಮುಳುಗೋ ಕೋಟೆ ಹಾಕಿದ. ಆ ಕೋಣೆಗೆ ಬಂದು ಪೆಟ್ಟಿಗೆ ಹತ್ತಿಸಿ ಕೈ ಬಿಟ್ಟ. ನೀರು ಏರಿತು. ನೀಲಿ ಆಕಾಶ ಕಂಡಾಗ ಎದ್ದ ಕೂಗಿಗೆ ಎದುರಿನ ಸೈಕಲ್ ಅಂಗಡಿಯವರು ಏನಾಯಿತೋ ಎಂದು ಓಡಿಬಂದರು. ನಕ್ಕಿದ್ದ ಹುಡುಗನೇ ತಮ್ಮನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ. ಅಂಗಡಿ ಅಕ್ಕ ಮಡಿಲ ಸೀರೆಯನ್ನು ಬದಿಗಿಟ್ಟು ಎದ್ದುಬಂದು ಪರದೆ ನೋಡಿದರು. ನಾವು ಕಂಡಂತೆ ಆಟ ನೋಡಲೆಂದು ಅವರು ಹೊಲಿಗೆ ಬಿಟ್ಟು ಎದ್ದಿದ್ದು ಅದೇ ಮೊದಲು.

ಆಮೇಲೆ ಅಪ್ಪನಿಗೆ ಅಂಬ್ಲಿಗೊಳ ಜಲಾಶಯದ ಕಡೆಗೆ ವರ್ಗವಾಯಿತು. ನಾವು ಸೊರಬದಲ್ಲಿ ಮನೆ ಮಾಡಿದೆವು. ಅಲ್ಲೂ ಗೇಮ್ ಬಾಡಿಗೆಗೆ ಕೊಡುವ ಒಂದು ಅಂಗಡಿ ಇತ್ತು. ನಡೆಸುತ್ತಿದ್ದವನು ಆಗಷ್ಟೇ ಕಾಲೇಜು ಮುಗಿಸಿದ ಯುವಕ. ಮೊದಲ ಸಲ ಕ್ಯಾಸೆಟ್ ವಾಪಸ್ ಕೊಡಲು ಹೋದ ತಮ್ಮ, ಕೊಟ್ಟು ಬರುವುದು ಬಿಟ್ಟು ಅಲ್ಲೇ ನಿಂತ.

"ಎಂತದು ಮಾರಾಯ? ಇನ್ನೊಂದು ಬೇಕಿತ್ತಾ?"

"ಕ... ಕತೆ ಹೇಳ್ಬೇಕು."

ಯುವಕನಿಗೆ ತಲೆಬುಡ ತಿಳಿಯಲಿಲ್ಲ. ನನ್ನ ಕಡೆ ನೋಡಿದ. ವಿವರಿಸಲು ನಾಲಿಗೆ ತುರಿಸುತ್ತಿದ್ದರೂ ನಾನು ಬಾಯಿ ಬಿಡಲಿಲ್ಲ. ತಮ್ಮನೇ ಶುರುಮಾಡಿದ. ಯುವಕ ಮೊದಲು ಕುರ್ಚಿಗೆ ಒರಗಿ ಸುಮ್ಮನೆ ತಲೆ ಆಡಿಸಿದ, ಆಮೇಲೆ ಮುಂದಕ್ಕೆ ಬಗ್ಗಿ ಕೇಳಿದ. "ಹೌದನಾ? ಆ ಸೇತುವೆ ಕೆಳಗೂ ಹೋಗ್ಲಿಕ್ಕೆ ಆಗ್ತದಾ? ನಂಗೆ ಗೊತ್ತೇ ಇರ್ಲಿಲ್ಲ ಮಾರಾಯ!" ಕೆಲವು ವಾರಗಳಲ್ಲಿ ಸೊರಬದ ಆ ಅಂಗಡಿಯಲ್ಲೂ ಮಕ್ಕಳು ಕತೆ ಹೇಳಲು ನಿಲ್ಲತೊಡಗಿದರು.

ಆ ಅಂಗಡಿಗಳ ಕಾಲ ಹೆಚ್ಚು ದಿನ ಉಳಿಯಲಿಲ್ಲ. ಆಟಗಳು ಮೊಬೈಲಿಗೆ ಬಂದವು. ಕಾಲೇಜಿಗೆಂದು ನಾನು ಶಿಕಾರಿಪುರಕ್ಕೆ ಓಡಾಡುವ ಹೊತ್ತಿಗೆ ಅಂಗಡಿ ಅಕ್ಕನ ಕಪಾಟುಗಳಲ್ಲಿ ರವಿಕೆ ಬಟ್ಟೆಗಳಿದ್ದವು. ಬಾಗಿಲ ಹತ್ತಿರ ಎರಡು ಹೊಲಿಗೆ ಮಿಷನ್ನುಗಳು, ಕೆಲಸ ಕಲಿಯಲು ಬರುವ ಹೆಣ್ಣುಮಕ್ಕಳು. ಗೇಮುಗಳನ್ನು ಏನು ಮಾಡಿದಿರಿ ಎಂದು ಕೇಳಿದೆ. "ಕೇಳಿದ ಹುಡುಗರಿಗೆಲ್ಲ ಕೊಟ್ಟುಬಿಟ್ಟೆ. ಕತೆಗಳು ಇಲ್ಲೇ ಅದಾವೆ" ಎಂದು ಹಣೆ ತೋರಿಸಿ ನಕ್ಕರು.

ತಮ್ಮ ಈಗ ಸೊರಬದಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಜೋಳಕ್ಕೆ ಹುಳ ಬಿದ್ದಿದೆ, ಶುಂಠಿ ಕೊಳೆಯುತ್ತಿದೆ ಎಂದು ಬರುವ ರೈತರಿಗೆ ಏನು ಮಾಡಬೇಕೆಂದು ಅವನು ನಿಧಾನವಾಗಿ, ಅಲ್ಲಲ್ಲಿ ತಡೆಯುತ್ತ ಹೇಳುತ್ತಾನೆ. ಅವಸರದಲ್ಲಿ ಇರುವವರು ಬೇರೆ ಅಂಗಡಿಗೆ ಹೋಗುತ್ತಾರೆ. ನಿಂತು ಕೇಳುವವರು ಬೆಳಗಿನಿಂದ ಸಂಜೆಯವರೆಗೂ ಬರುತ್ತಲೇ ಇರುತ್ತಾರೆ. ನನಗೆ ಅವನ ಬಗ್ಗೆ ಇರುವ ಗೌರವವನ್ನು ಅವನ ಎದುರು ಹೇಳಿದರೆ ನಾಚಿಕೊಳ್ಳುತ್ತಾನೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅವನಿಗೆ ಹೆಣ್ಣು ನೋಡಲು ಚಂದ್ರಗುತ್ತಿಯ ಕಡೆಯ ಒಂದು ಊರಿಗೆ ಹೋಗಿದ್ದೆವು. ಉಪ್ಪಿಟ್ಟು, ಕಾಫಿ ಆಯಿತು. ಹುಡುಗಿಯ ತಂದೆ, "ಹುಡುಗ ಏನೂ ಮಾತಾಡ್ಲೇ ಇಲ್ಲ, ಒಪ್ಪಿಗೆ ಇದ್ಯೇನ್ರೀ?" ಎಂದು ಅಪ್ಪನನ್ನು ಕೇಳಿದರು. ಅವ್ವ ಗಡಿಬಿಡಿಯಿಂದ, "ಅವನದು ಮಾತು ಕಮ್ಮಿ ರೀ, ಅಂಗಡಿ ಚೆನ್ನಾಗಿ ನಡೀತೈತೆ, ಯಾವ ಚಟಾನೂ ಇಲ್ಲ" ಎಂದು ಶುರುಮಾಡಿದಳು. ತಮ್ಮ ಅವಳ ಕೈ ಮೇಲೆ ಕೈ ಇಟ್ಟ.

"ನಾ... ನಾನೇ ಹೇಳ್ತೀನಿ ಅವ್ವ."

ಆಮೇಲೆ ಹುಡುಗಿಯ ಕಡೆ ತಿರುಗಿ, ತನಗೆ ಮಾತು ತಡೆಯುತ್ತದೆ, ಚಿಕ್ಕಂದಿನಿಂದ ಹೀಗೇ, ಮುಂದೆಯೂ ಹೀಗೇ ಇರಬಹುದು ಎಂದು ಹೇಳಿದ. ಹೇಳಿ ಮುಗಿಸಲು ಹೊತ್ತು ಹಿಡಿಯಿತು. ಅಷ್ಟೂ ಹೊತ್ತು ಅವಳು ಕಣ್ಣು ತಗ್ಗಿಸದೆ ಅವನನ್ನೇ ನೋಡುತ್ತಿದ್ದಳು.

"ನಮ್ಮನೇಲಿ ಎಲ್ರೂ ಒಟ್ಟಿಗೇ ಮಾತಾಡ್ತಾರೆ ರೀ, ಯಾರದ್ದೂ ಯಾರಿಗೂ ಕೇಳೋದಿಲ್ಲ" ಎಂದು ಅವಳು ಹೇಳಿದಳು. "ನೀವು ಹೇಳಿದ್ದು ಪೂರ್ತಿ ಕೇಳಿಸ್ತು."

ಅವಳ ತಂದೆಯೇ ಮೊದಲು ನಕ್ಕರು. ತಮ್ಮ ನಾಚಿಕೊಂಡು ಕಾಫಿ ಲೋಟ ಎತ್ತಿದ, ಅದು ಆಗಲೇ ಖಾಲಿಯಾಗಿತ್ತು. ಅವಳು ಎದ್ದುಹೋಗಿ ಅವನಿಗೆ ಇನ್ನೊಂದು ಲೋಟ ಕಾಫಿ ತಂದಳು.